ಊರಿನ ಕೇಬಲ್ ಚಾನೆಲ್‌ನಲ್ಲಿ ನಮ್ಮ ಕಾರ್ಯಕ್ರಮದ ಪ್ರಕಟಣೆ: ಹೊಸದಾಗಿ ಬಂದವರಿಗೆ

ಮ್ಯಾಸಚೂಸೆಟ್ಸ್‌ಗೆ ಹೊಸದಾಗಿ ಬಂದಿರುವ ಎಲ್ಲ ಕುಟುಂಬಗಳಿಗೂ ನಮಸ್ಕಾರ. ಮಾರ್ಗದರ್ಶಿಯ ಈ ಭಾಗ ನಮ್ಮ ಕನ್ನಡ ಕೂಟದ ಪ್ರಚಾರ ಕೆಲಸಕ್ಕೆ ಕೈಜೋಡಿಸುವವರಿಗಾಗಿ. ಪ್ರತಿ ವರ್ಷ ಯಾರಾದರೂ ಹೊಸಬರು "ಪೋಸ್ಟರ್ ನಾನು ಮಾಡ್ತೀನಿ" ಅಂತ ಮುಂದೆ ಬರುತ್ತಾರೆ, ಚೆಂದದ ಪೋಸ್ಟರನ್ನೇ ಮಾಡುತ್ತಾರೆ. ಅದು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸುತ್ತಾಡಿ ಅಲ್ಲೇ ಮುಗಿದುಹೋಗುತ್ತದೆ. ಅದನ್ನು ನೋಡುವವರು ನಾವೇ, ಭೇಷ್ ಅನ್ನುವವರೂ ನಾವೇ. ಹತ್ತು ವರ್ಷದಿಂದ ಪಕ್ಕದ ಮನೆಯಲ್ಲಿರುವ ಅಜ್ಜಿಗೆ ನಮ್ಮ ರಾಜ್ಯೋತ್ಸವ ಅಂದರೆ ಏನು ಅಂತ ಗೊತ್ತೇ ಇರುವುದಿಲ್ಲ. ಆ ಅಜ್ಜಿ ನೋಡುವುದು ಊರಿನ ಕೇಬಲ್ ಚಾನೆಲ್. ನಾವು ಅಲ್ಲಿರಬೇಕು.

ಇದು ಯಾರ ಚಾನೆಲ್?

ಕರ್ನಾಟಕದ ನಮ್ಮ ಊರುಗಳಲ್ಲಿ ಲೋಕಲ್ ಕೇಬಲ್‌ನವರಿಗೆ ಒಂದಿಷ್ಟು ದುಡ್ಡು ಕೊಟ್ಟರೆ ಪರದೆಯ ಕೆಳಗೆ ನಮ್ಮ ಸುದ್ದಿ ಓಡುತ್ತದೆ. ಅಂಗಡಿ ಉದ್ಘಾಟನೆ, ಹುಟ್ಟುಹಬ್ಬದ ಶುಭಾಶಯ, ಜಾತ್ರೆ, ಎಲ್ಲ ಒಟ್ಟಿಗೆ. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ದಯವಿಟ್ಟು ಯಾರಿಗೂ "ಎಷ್ಟು ಕೊಡಬೇಕು" ಅಂತ ಕೇಳಬೇಡಿ.

ಕೇಬಲ್ ಕಂಪನಿ ಊರಿನ ರಸ್ತೆ ಬದಿಯಲ್ಲಿ ತಂತಿ ಎಳೆಯಲು ಊರಿನ ಲೈಸೆನ್ಸ್ ಪಡೆಯಬೇಕು. ಈ ರಾಜ್ಯದಲ್ಲಿ ಅದನ್ನು ಕೊಡುವುದು ಟೌನ್‌ಗಳಲ್ಲಿ ಸೆಲೆಕ್ಟ್ ಬೋರ್ಡ್ (ಟೌನ್‌ನ ಚುನಾಯಿತ ಆಡಳಿತ ಮಂಡಳಿ), ಸಿಟಿಗಳಲ್ಲಿ ಸಾಮಾನ್ಯವಾಗಿ ಮೇಯರ್. 1984ರ ಕೇಂದ್ರ ಕೇಬಲ್ ಕಾನೂನಿನ ಪ್ರಕಾರ, ಲೈಸೆನ್ಸ್ ಕೊಡುವಾಗ ಊರಿನವರು ತಮ್ಮ ಬಳಕೆಗೆ ಚಾನೆಲ್‌ಗಳನ್ನು ಕೇಳಿ ಪಡೆಯಬಹುದು. ಕೇಬಲ್ ಆದಾಯದಲ್ಲಿ ಶೇಕಡಾ 5ರವರೆಗೆ ಶುಲ್ಕವನ್ನೂ ಹಾಕಬಹುದು. ನಿಮ್ಮ ಮನೆಯ ಕೇಬಲ್ ಬಿಲ್ ತೆಗೆದು ನೋಡಿ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಫ್ರ್ಯಾಂಚೈಸ್ ಫೀ ಅಂತಲೋ ಅದೇ ಥರದ ಇನ್ನೊಂದು ಹೆಸರಿನಲ್ಲೋ ಒಂದು ಸಾಲು ಇರುತ್ತದೆ. ಈ ಚಾನೆಲ್ ನಡೆಯುವುದು ಮುಖ್ಯವಾಗಿ ಆ ದುಡ್ಡಿನಲ್ಲಿ. ಅಂದರೆ ನಮ್ಮ ದುಡ್ಡೂ ಅದರಲ್ಲಿದೆ. ಹಾಗಾಗಿ ಅಂಜಿಕೊಂಡು ಕೇಳುವುದೂ ಬೇಡ, ದಬಾಯಿಸುವುದೂ ಬೇಡ. ಊರಿನ ನಿವಾಸಿ ಅಂತ ನೆಟ್ಟಗೆ ಹೋಗಿ ಕೇಳಿ.

ಕೇಬಲ್ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಅಶ್ಲೀಲತೆಯಂಥ ವಿಷಯ ಬಿಟ್ಟರೆ, ಈ ಚಾನೆಲ್‌ಗಳಲ್ಲಿ ಏನು ಬರಬೇಕು ಅಂತ ಹೇಳುವ ಅಧಿಕಾರ ಕಂಪನಿಗೆ ಕಾನೂನಿನಲ್ಲೇ ಇಲ್ಲ. ನಡೆಸುವುದು ಸ್ಥಳೀಯ ಸ್ಟೇಷನ್. ಲೆಕ್ಸಿಂಗ್ಟನ್‌ನಲ್ಲಿ ಲೆಕ್ಸ್‌ಮೀಡಿಯಾ, ಕೇಂಬ್ರಿಡ್ಜ್‌ನಲ್ಲಿ ಸಿಸಿಟಿವಿ (ಕೇಂಬ್ರಿಡ್ಜ್ ಕಮ್ಯುನಿಟಿ ಟೆಲಿವಿಷನ್), ಹೀಗೆ ಹಲವು ಕಡೆ ಲಾಭರಹಿತ ಸಂಸ್ಥೆಗಳು ನಡೆಸುತ್ತವೆ. ಕೆಲವು ಊರುಗಳಲ್ಲಿ ಟೌನ್ ಹಾಲ್‌ನವರೇ ನೋಡಿಕೊಳ್ಳುತ್ತಾರೆ. ನಿಯಮ ಊರಿಂದ ಊರಿಗೆ ಬೇರೆ. ನಿಮ್ಮ ಊರಿನ ಸ್ಟೇಷನ್‌ನ ಲಿಖಿತ ನಿಯಮಾವಳಿ ತರಿಸಿಕೊಂಡು ಪೂರ್ತಿ ಓದಿ. "ಹೋದ ವರ್ಷ ಅವರೂರಲ್ಲಿ ಹಾಕಿದ್ರಲ್ಲ" ಅನ್ನುವ ವಾದ ಎಲ್ಲೂ ನಡೆದಿಲ್ಲ.

ಸ್ಯಾಟಲೈಟ್ ಡಿಶ್ ಇರುವ ಮನೆಯಲ್ಲಿ ಈ ಚಾನೆಲ್‌ಗಳು ಬರುವುದಿಲ್ಲ. ಹಲವು ಸ್ಟೇಷನ್‌ಗಳು ತಮ್ಮ ಜಾಲತಾಣದಲ್ಲೂ ತೋರಿಸುತ್ತವೆ, ಅಲ್ಲಿ ನೋಡಿಕೊಳ್ಳಿ.

ಮೂರು ಚಾನೆಲ್, ಮೂರು ದಾರಿ

ಈ ಭಾಗವನ್ನು ನಿಧಾನವಾಗಿ ಓದಿ. ನಮಗೆ ಜಾಸ್ತಿ ನೋವಾಗಿರುವುದು ಇಲ್ಲೇ.

ಸಾಮಾನ್ಯವಾಗಿ ಮೂರು ಬಗೆಯ ಚಾನೆಲ್ ಇರುತ್ತವೆ. ಒಂದು ಸಾರ್ವಜನಿಕರದು, ಒಂದು ಶಾಲೆಗಳದು, ಒಂದು ಊರಿನ ಆಡಳಿತದ್ದು. ಚಿಕ್ಕ ಊರುಗಳಲ್ಲಿ ಎರಡು ಸೇರಿ ಒಂದೇ ಆಗಿರುವುದೂ ಉಂಟು. ನಮ್ಮವರಿಗೆ ಇದೆಲ್ಲ ಒಂದೇ ಥರ ಕಾಣುತ್ತದೆ. ಆದರೆ ಆಡಳಿತದ ಚಾನೆಲ್ ಅಂದರೆ ಊರಿನ ಸ್ವಂತ ಬಾಯಿ. ಕಸದ ಗಾಡಿ ಯಾವ ದಿನ ಬರುತ್ತದೆ, ಹಿಮ ಬಿದ್ದಾಗ ಕಾರು ಎಲ್ಲಿ ನಿಲ್ಲಿಸಬಾರದು, ಸೆಲೆಕ್ಟ್ ಬೋರ್ಡ್ ಸಭೆ ಯಾವಾಗ, ಇಂಥದ್ದಕ್ಕೆ ಅದು. ಅಲ್ಲಿ ಏನು ಹಾಕಬೇಕು ಅನ್ನುವುದನ್ನು ಅವರೇ ತೀರ್ಮಾನಿಸುತ್ತಾರೆ.

ಒಂದು ಊರಿನಲ್ಲಿ ನಮ್ಮ ದೀಪಾವಳಿ ಪ್ರಕಟಣೆಯನ್ನು "ಧಾರ್ಮಿಕ ಕಾರ್ಯಕ್ರಮ" ಅಂತ ವಾಪಸ್ ಕಳಿಸಿದರು. ಅದೇ ಚಾನೆಲ್‌ನಲ್ಲಿ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಮರಕ್ಕೆ ದೀಪ ಹಾಕುವ ಸಮಾರಂಭದ ಸ್ಲೈಡ್ ಬಂತು. ಬೇಜಾರಾಗದೆ ಇರುತ್ತಾ? ನಮ್ಮ ಸಮಿತಿಯಲ್ಲಿ ಎಲ್ಲರಿಗೂ ಆಯಿತು. ಕೆಲವರು ಕೋಪದಿಂದ ಈಮೇಲ್ ಬರೆದರು, ಅದರಿಂದ ಬಾಗಿಲು ಇನ್ನಷ್ಟು ಬಿಗಿಯಾಯಿತು. ಆಮೇಲೆ ಕೂತು ವಿಚಾರಿಸಿದಾಗ ತಿಳಿದದ್ದು ಇಷ್ಟು. ಮರದ ದೀಪದ ಸಮಾರಂಭ ಊರಿನ ಇಲಾಖೆಯೇ ನಡೆಸುವಂಥದ್ದು, ಅದು ಅವರ ಸ್ವಂತ ಕಾರ್ಯಕ್ರಮ. ನಮ್ಮದು ಹೊರಗಿನ ಸಂಸ್ಥೆಯದು. ಈ ವ್ಯತ್ಯಾಸ ನ್ಯಾಯವೇ ಅಂತ ಕೇಳಿದರೆ ನನಗೆ ಈಗಲೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ದಾರಿ ಇದೆ, ಅದೂ ಒಂದಲ್ಲ.

ಮೊದಲನೆಯದು, ಸಾರ್ವಜನಿಕರ ಚಾನೆಲ್‌ಗೇ ಕಳಿಸುವುದು. ಅಲ್ಲಿ ಚರ್ಚು, ದೇವಸ್ಥಾನ, ಮಸೀದಿ ಎಲ್ಲರ ಪ್ರಕಟಣೆಗೂ ಸಾಮಾನ್ಯವಾಗಿ ಜಾಗವಿರುತ್ತದೆ. ಗಣೇಶನ ಹಬ್ಬಕ್ಕೆ ಇದೇ ಸರಿ. ಎರಡನೆಯದು, ಊರಿನ ಲೈಬ್ರರಿಯ ಜೊತೆ ಸೇರುವುದು. ಮಕ್ಕಳಿಗೆ ಹಣತೆಗೆ ಬಣ್ಣ ಹಚ್ಚುವ ಕೆಲಸವನ್ನೋ, ಕನ್ನಡ ಕಥೆ ಹೇಳುವ ಒಂದು ಶನಿವಾರವನ್ನೋ ಲೈಬ್ರರಿ ಒಪ್ಪಿ ತನ್ನ ಕಾರ್ಯಕ್ರಮವಾಗಿ ನಡೆಸಿದರೆ, ಅದು ಊರಿನದೇ ಕಾರ್ಯಕ್ರಮ. ಆಡಳಿತದ ಚಾನೆಲ್‌ನಲ್ಲಿ ಬರಲು ತೊಡಕು ಕಡಿಮೆ. ಮೂರನೆಯದು ರಾಜ್ಯೋತ್ಸವಕ್ಕೆ ಹೇಳಿ ಮಾಡಿಸಿದ್ದು. ಸೆಲೆಕ್ಟ್ ಬೋರ್ಡ್‌ಗೆ ಮುಂಚಿತವಾಗಿ ಬರೆದು, ನವೆಂಬರ್ 1ಕ್ಕೆ ಒಂದು ಘೋಷಣಾಪತ್ರ ಓದುತ್ತೀರಾ ಅಂತ ಕೇಳಿ. ಒಪ್ಪಿದರೆ ಅದು ಸಭೆಯ ಕಾರ್ಯಸೂಚಿಯಲ್ಲಿ ಬರುತ್ತದೆ. ಸಭೆಯನ್ನು ಚಾನೆಲ್‌ನಲ್ಲಿ ತೋರಿಸುತ್ತಾರೆ, ಎಷ್ಟೋ ಕಡೆ ಮರುಪ್ರಸಾರವೂ ಆಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ. ನಮ್ಮ ನಾಡಿನ ಹೆಸರನ್ನು ಊರಿನ ಸಭೆಯಲ್ಲಿ ಗಟ್ಟಿಯಾಗಿ ಓದುವುದನ್ನು ಅವರು ಕೇಳಲಿ.

ಯಾರು ಕಳಿಸಬಹುದು

ನಮ್ಮ ಸದಸ್ಯರು ಹತ್ತಾರು ಊರುಗಳಲ್ಲಿ ಹರಡಿದ್ದಾರೆ. ಬಹುತೇಕ ಸ್ಟೇಷನ್‌ಗಳು ಕೇಳುವುದು ಒಂದೇ: ಕಳಿಸುವವರು ಆ ಊರಿನಲ್ಲಿ ವಾಸವಿರಬೇಕು, ಇಲ್ಲವೇ ಅಲ್ಲಿ ಕೆಲಸ ಮಾಡುತ್ತಿರಬೇಕು ಅಥವಾ ಓದುತ್ತಿರಬೇಕು. ಹಾಗಾಗಿ ಪ್ರತಿ ಊರಿಗೂ ಅಲ್ಲಿಯವರೇ ಒಬ್ಬರು ಬೇಕು. ಕೂಟದ ಲಾಭರಹಿತ ನೋಂದಣಿಯ ಪತ್ರ ಕೇಳಿದರೆ ಖಜಾಂಚಿಯವರಿಂದ ಪಡೆಯಿರಿ. ಸ್ವಂತ ಮೊಬೈಲ್ ನಂಬರ್ ಪ್ರಕಟಣೆಯಲ್ಲಿ ಹಾಕಬೇಡಿ, ಕೂಟದ ಈಮೇಲ್ ಹಾಕಿ.

ಪ್ರಾಯೋಜಕರು, ಟಿಕೆಟ್, ಲಕ್ಕಿ ಡಿಪ್

ಇದು ಪ್ರತಿ ವರ್ಷದ ತಲೆನೋವು. ನಮ್ಮಲ್ಲಿ ದುಡ್ಡು ಕೊಟ್ಟವರ ಹೆಸರು ದೊಡ್ಡದಾಗಿ ಹಾಕುವುದು ಮರ್ಯಾದೆ. ಅರ್ಧ ಪೋಸ್ಟರ್ ಕಿರಾಣಿ ಅಂಗಡಿ, ರಿಯಲ್ ಎಸ್ಟೇಟ್ ಏಜೆಂಟ್, ಟ್ಯೂಷನ್ ಕ್ಲಾಸುಗಳ ಲೋಗೋ. ಆ ಪೋಸ್ಟರನ್ನು ಹಾಗೇ ಕಳಿಸಿದರೆ ಖಂಡಿತ ವಾಪಸ್ ಬರುತ್ತದೆ. ಈ ಚಾನೆಲ್‌ಗಳಲ್ಲಿ ಜಾಹೀರಾತಿಗೆ ಜಾಗವಿಲ್ಲ. ಕೆಲವು ಕಡೆ "ಸಹಕಾರ: ಇಂಥವರು" ಅಂತ ಬರೀ ಹೆಸರು ಹಾಕಲು ಬಿಡುತ್ತಾರೆ. ಅದರ ಜೊತೆ "ಅತ್ಯುತ್ತಮ", "ರಿಯಾಯಿತಿ", "ಇಂದೇ ಕರೆ ಮಾಡಿ" ಅಂತ ಸೇರಿಸುವಂತಿಲ್ಲ. ಪ್ರಾಯೋಜಕರ ಹತ್ತಿರ ದುಡ್ಡು ತೆಗೆದುಕೊಳ್ಳುವಾಗಲೇ ಇದನ್ನು ಹೇಳಿಬಿಡಿ. "ಟಿವಿಯಲ್ಲಿ ನಿಮ್ಮ ಅಂಗಡಿ ಬರುತ್ತೆ" ಅಂತ ಆಸೆ ತೋರಿಸಿ ಆಮೇಲೆ ಮುಖ ತಪ್ಪಿಸಿಕೊಂಡು ಓಡಾಡುವುದು ಕೂಟಕ್ಕೆ ಶೋಭೆಯಲ್ಲ.

ಟಿಕೆಟ್ ದರ ಹಾಕಬಹುದೇ ಅನ್ನುವುದು ಊರನ್ನು ಅವಲಂಬಿಸಿದೆ. ಎಷ್ಟೋ ಕಡೆ ಬಿಡುವುದಿಲ್ಲ. ದರ ಬಿಟ್ಟು "ವಿವರಗಳಿಗೆ ಕೂಟದ ಜಾಲತಾಣ ನೋಡಿ" ಅಂತ ಬರೆದರೆ ರಗಳೆಯಿಲ್ಲ. ದೇಣಿಗೆ ಕೇಳುವ ಸಾಲು ಬೇಡ. ಚುನಾವಣೆಗೆ ನಿಂತ ನಮ್ಮವರೊಬ್ಬರು ಅತಿಥಿಯಾಗಿದ್ದರೂ ಅವರ ಪರವಾಗಿ ಒಂದು ಮಾತೂ ಬೇಡ. ಲಕ್ಕಿ ಡಿಪ್, ರಾಫಲ್ ವಿಷಯ ಪ್ರಕಟಣೆಯಲ್ಲಿ ತರಲೇಬೇಡಿ. ರಾಫಲ್ ನಡೆಸಲು ಈ ರಾಜ್ಯದಲ್ಲಿ ಟೌನ್ ಕ್ಲರ್ಕ್ ಹತ್ತಿರ ಪರ್ಮಿಟ್ ತೆಗೆದುಕೊಳ್ಳಬೇಕು, ಅದು ಬೇರೆಯೇ ಕೆಲಸ. "ಹಬ್ಬದ ಊಟ ಇದೆ" ಅಂತ ಬರೆಯುವ ಮುನ್ನ ಊರಿನ ಬೋರ್ಡ್ ಆಫ್ ಹೆಲ್ತ್ (ಆರೋಗ್ಯ ಮಂಡಳಿ) ನವರನ್ನು ಕೇಳಿ. ಮನೆಯಲ್ಲಿ ಬಿಸಿಬೇಳೆಬಾತ್ ಮಾಡಿ ತಂದು ಸಾರ್ವಜನಿಕರಿಗೆ ಬಡಿಸುತ್ತೇವೆ ಅಂದರೆ ಇಲ್ಲಿ ಒಪ್ಪುವುದು ಕಷ್ಟ.

ಕನ್ನಡ ಅಕ್ಷರ

ಕನ್ನಡದಲ್ಲಿ ಹಾಕಿ. ಖಂಡಿತ ಹಾಕಿ. ಬೇರೆ ಭಾಷೆಯ ಪ್ರಕಟಣೆಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಜೊತೆಗೆ ಇಂಗ್ಲಿಷ್ ಅನುವಾದ ಇರಲಿ ಅನ್ನುತ್ತಾರೆ ಅಷ್ಟೇ. ಕೆಲವರು "ಯಾರು ಓದ್ತಾರೆ ಬಿಡಿ" ಅಂತ ಬರೀ ಇಂಗ್ಲಿಷ್‌ನಲ್ಲಿ ಕಳಿಸುತ್ತಾರೆ. ಆ ಊರಿನಲ್ಲಿ ಒಂಟಿಯಾಗಿರುವ ಒಂದು ಕನ್ನಡದ ಮನೆ ಚಾನೆಲ್ ತಿರುಗಿಸುವಾಗ ತಮ್ಮ ಅಕ್ಷರ ನೋಡಿದರೆ ಅವರಿಗೆ ಹೇಗಾಗಬಹುದು, ಯೋಚನೆ ಮಾಡಿ.

ಆದರೆ ಕನ್ನಡವನ್ನು ಟೈಪ್ ಮಾಡಿದ ಪಠ್ಯವಾಗಿ ಕಳಿಸಬೇಡಿ, ಚಿತ್ರವಾಗಿ ಕಳಿಸಿ. ಸ್ಟೇಷನ್‌ನ ಸಾಫ್ಟ್‌ವೇರ್‌ಗೆ ನಮ್ಮ ಒತ್ತಕ್ಷರ ಅರ್ಥವಾಗದೆ ಹೋದರೆ "ರಾಜ್ಯೋತ್ಸವ" ಅನ್ನುವುದು "ರಾಜ್‌ಯೋತ್‌ಸವ" ಆಗಿ ಕಾಣುತ್ತದೆ, ಇಲ್ಲವೇ ಸಾಲಾಗಿ ಖಾಲಿ ಚೌಕಗಳು ಬರುತ್ತವೆ. ಅಲ್ಲಿ ಕೂತವರಿಗೆ ಅದು ತಪ್ಪು ಅಂತ ಗೊತ್ತಾಗುವುದೂ ಇಲ್ಲ. ಟಿವಿ ಪರದೆಯ ಅಂಚು ಒಮ್ಮೊಮ್ಮೆ ಕತ್ತರಿಸಿ ಹೋಗುತ್ತದೆ. ಕೊನೆಯ ಸಾಲಿನ ಒತ್ತುಗಳು ಮೊದಲು ಹೋಗುವುದು. ನಾಲ್ಕೂ ಕಡೆ ಧಾರಾಳವಾಗಿ ಜಾಗ ಬಿಡಿ. ಸಾಲುಗಳ ನಡುವೆ ಇಂಗ್ಲಿಷ್‌ಗಿಂತ ಜಾಸ್ತಿ ಅಂತರ ಕೊಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸ್ಲೈಡ್ ಕೆಲವು ಸೆಕೆಂಡು ಮಾತ್ರ ಕಾಣುತ್ತದೆ. ಕುವೆಂಪು ಸಾಲು, ಅಧ್ಯಕ್ಷರ ಭಾಷಣ, ಸಮಿತಿಯ ಎಲ್ಲರ ಫೋಟೋ, ಇದೆಲ್ಲ ಅದರೊಳಗೆ ತುರುಕಬೇಡಿ.

ತಾರೀಖು, ಸಮಯ

1/11 ಅಂತ ಬರೆದರೆ ಇಲ್ಲಿಯವರು ಓದುವುದು ಜನವರಿ 11. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ, ವಾರವನ್ನೂ ಸೇರಿಸಿ. ನವೆಂಬರ್‌ನ ಮೊದಲ ಭಾನುವಾರ ಬೆಳಗಿನ ಜಾವ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಕಾರ್ಯಕ್ರಮ ಅದೇ ದಿನ ಬಿದ್ದರೆ ಪ್ರಕಟಣೆಯಲ್ಲೇ ನೆನಪಿಸಿ.

ಇನ್ನು ಸಮಯ. ನಾಲ್ಕಕ್ಕೆ ಅಂತ ಹಾಕಿ ಐದೂವರೆಗೆ ದೀಪ ಹಚ್ಚುವ ಅಭ್ಯಾಸ ನಮ್ಮ ನಮ್ಮಲ್ಲಿ ನಡೆದುಹೋಗುತ್ತದೆ. ಟಿವಿ ನೋಡಿ ಬರುವವರು ನಾಲ್ಕಕ್ಕೆ ಹತ್ತು ನಿಮಿಷ ಮೊದಲೇ ಬಂದು ಕೂತಿರುತ್ತಾರೆ, ಹೆಚ್ಚಿನವರು ವಯಸ್ಸಾದವರು. ಖಾಲಿ ಹಾಲ್‌ನಲ್ಲಿ, ಮೈಕ್ ಪರೀಕ್ಷೆಯ ಸದ್ದಿನಲ್ಲಿ ಅವರನ್ನು ಕಾಯಿಸುವುದು ತಪ್ಪು. ಅತಿಥಿಯನ್ನು ಬಾಗಿಲಲ್ಲಿ ನಿಲ್ಲಿಸುವ ಜನ ನಾವಲ್ಲ. ನಿಜವಾಗಿ ಶುರುವಾಗುವ ಹೊತ್ತನ್ನೇ ಹಾಕಿ, ಆ ಹೊತ್ತಿಗೇ ಶುರು ಮಾಡಿ. ಸದಸ್ಯರಿಗೆ ಮಾತ್ರ ಇರುವ ಕಾರ್ಯಕ್ರಮವನ್ನು ಇಲ್ಲಿಗೆ ಕಳಿಸಲೇಬೇಡಿ, ಎಲ್ಲರಿಗೂ ತೆರೆದಿರಬೇಕು.

ಕಳಿಸಬೇಕಾದದ್ದು

- ಕಾರ್ಯಕ್ರಮದ ಹೆಸರು, ಒಂದೇ ಸಾಲಿನ ವಿವರಣೆ
- ವಾರ, ತಾರೀಖು, ಸಮಯ
- ಜಾಗದ ಪೂರ್ತಿ ವಿಳಾಸ (ಶಾಲೆಯ ಹಾಲ್ ಆದರೆ ಬುಕಿಂಗ್ ಖಚಿತವಾದ ಮೇಲೆ)
- ಕೂಟದ ಹೆಸರು, ಈಮೇಲ್
- 1920 ಬೈ 1080 ಅಳತೆಯ ಅಡ್ಡ ಚಿತ್ರ. ಫೋನಿನ ಉದ್ದ ಪೋಸ್ಟರ್ ಬೇಡ
- ಯಾವ ದಿನದಿಂದ ಯಾವ ದಿನದವರೆಗೆ ತೋರಿಸಬೇಕು
- ಸ್ಟೇಷನ್‌ನ ಅರ್ಜಿ, ಸಹಿ ಸಮೇತ

ಎಷ್ಟೋ ಸ್ಟೇಷನ್‌ಗಳು ಎರಡು ವಾರ ಮೊದಲು ಕೇಳುತ್ತವೆ. ಕೂಟದ ಗಡುವು ಮೂರು ವಾರ.

ವಿಡಿಯೊ ಕಳಿಸುವುದಾದರೆ

ಸ್ಟೇಷನ್‌ನ ಅರ್ಜಿಯಲ್ಲಿ ನೀವು ಹಾಕುವ ಸಹಿಯ ಅರ್ಥ, ಒಳಗಿರುವ ಎಲ್ಲದಕ್ಕೂ ನೀವೇ ಹೊಣೆ ಅಂತ. ಮಕ್ಕಳ ಡ್ಯಾನ್ಸ್‌ಗೆ ಸಿನಿಮಾ ಹಾಡು ಹಾಕಿದ್ದರೆ ಆ ಹಾಡಿನ ಹಕ್ಕು ನಮ್ಮದಲ್ಲ. ಕೂಟದ ಹುಡುಗರೇ ಹಾಡಿದ ಜನಪದ ಗೀತೆ, ಡೊಳ್ಳು, ಕೋಲಾಟ ಹಾಕಿದರೆ ನಿಶ್ಚಿಂತೆ, ನೋಡುವವರಿಗೂ ಹೊಸದು. ಮಕ್ಕಳ ಮುಖ ಕಾಣುವ ಕಡೆ ತಂದೆತಾಯಿಯ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಹಲವು ಸ್ಟೇಷನ್‌ಗಳು ಕ್ಯಾಮೆರಾ ಬಳಸುವ ತರಬೇತಿ ಕೊಟ್ಟು, ಸಾಮಾನನ್ನೂ ಎರವಲು ಕೊಡುತ್ತವೆ. ಹೈಸ್ಕೂಲ್ ಮಕ್ಕಳಿರುವ ಮನೆಯವರು ಇದನ್ನು ಬಿಡಬೇಡಿ.

ಕಳಿಸಿದ ಮೇಲೆ ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಸ್ಟೇಷನ್‌ಗೇ ಫೋನ್ ಮಾಡಿ ವಿಚಾರಿಸಿ. ತಿರಸ್ಕರಿಸಿದರೆ ಯಾವ ನಿಯಮದ ಪ್ರಕಾರ ಅಂತ ಬರಹದಲ್ಲಿ ಕೇಳಿ, ಆ ಪತ್ರವನ್ನು ನಮ್ಮ ಪ್ರಚಾರ ಸಮಿತಿಗೆ ಕಳಿಸಿಕೊಡಿ. ಮುಂದಿನ ಮಾತುಕತೆ ನಾವು ನೋಡಿಕೊಳ್ಳುತ್ತೇವೆ.