ಪ್ಯಾರಾಸಿಟಮಾಲ್ ಹಿಡಿದು ಓದಿದ ಡಿಗ್ರಿ

ಔಷಧ ಮತ್ತು ಕೈಗಾರಿಕಾ ರಸಾಯನಶಾಸ್ತ್ರದ ಡಿಗ್ರಿಯಲ್ಲಿ ಪೇಪರ್‌ಗಳು ಒಂದರ ಮುಖ ಒಂದು ನೋಡುವುದಿಲ್ಲ. ಆರ್ಗ್ಯಾನಿಕ್‌ನಲ್ಲಿ ಬಾಣ ಎಳೆದು ಕ್ರಿಯೆ ಮುಗಿಯಿತು ಅನ್ನುತ್ತಾರೆ, ಫಿಸಿಕಲ್‌ನಲ್ಲಿ ಬರೀ ಸಮೀಕರಣ, ಅನಾಲಿಟಿಕಲ್‌ನಲ್ಲಿ ಉಪಕರಣದ ಚಿತ್ರ, ಇಂಡಸ್ಟ್ರಿಯಲ್‌ನಲ್ಲಿ ಪೈಪು-ರಿಯಾಕ್ಟರ್‌ಗಳ ಫ್ಲೋಶೀಟ್. ಎಲ್ಲವನ್ನೂ ಬೇರೆ ಬೇರೆ ಬಾಯಿಪಾಠ ಮಾಡಿ ಪಾಸಾಗಲು ಅಡ್ಡಿಯಿಲ್ಲ, ಮುಂದಿನ ಸೆಮಿಸ್ಟರ್‌ಗೆ ಅದರಲ್ಲಿ ಏನೂ ಉಳಿದಿರುವುದಿಲ್ಲ ಅಷ್ಟೆ. ಹಾಗಾಗಿ ನಾನು ಒಂದೇ ಅಣುವನ್ನು ಆರಿಸಿಕೊಂಡು ಅದಕ್ಕೊಂದು ನೋಟ್‌ಬುಕ್ ಇಟ್ಟೆ. ಯಾವ ಪೇಪರ್‌ನಲ್ಲಿ ಹೊಸ ಅಧ್ಯಾಯ ಶುರುವಾದರೂ, ಈ ಅಣುವಿನ ವಿಷಯದಲ್ಲಿ ಇದು ಏನು ಹೇಳುತ್ತದೆ ಎಂದು ಅಲ್ಲಿ ಬರೆದುಕೊಳ್ಳುವುದು ನನ್ನ ಪದ್ಧತಿ. ಆರಿಸಿಕೊಂಡದ್ದು ಪ್ಯಾರಾಸಿಟಮಾಲ್. ಅಣುತೂಕ 151, ನಡುವೆ ಬೆಂಜೀನ್ ಉಂಗುರ, ಒಂದು ತುದಿಗೆ ಫೀನಾಲ್‌ನ ಓಎಚ್, ಎದುರು ತುದಿಗೆ ಅಮೈಡ್.

ಆರ್ಗ್ಯಾನಿಕ್ ಪ್ರ್ಯಾಕ್ಟಿಕಲ್‌ನಲ್ಲಿ ಇದನ್ನು 4-ಅಮಿನೋಫೀನಾಲ್‌ಗೆ ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ ಮಾಡಿಸುತ್ತಾರೆ. ಕ್ರಿಯೆ ನಡೆಯುವುದು ನೀರಿನಲ್ಲೇ. ನೀರಿನ ಜೊತೆಗೂ ಕ್ರಿಯೆ ನಡೆಸಬಲ್ಲ ಅನ್‌ಹೈಡ್ರೈಡನ್ನು ನೀರಿಗೇ ಸುರಿಯುತ್ತೇವಲ್ಲ, ಹಾಳಾಗುವುದಿಲ್ಲವೇ? ಇದನ್ನು ಕೇಳದೆ ಮುಂದೆ ಹೋಗಬೇಡಿ. ಅಮೈನ್‌ನ ಸಾರಜನಕ ನೀರಿಗಿಂತಲೂ ಅದೇ ಅಣುವಿನ ಓಎಚ್‌ಗಿಂತಲೂ ಬಹಳ ಚುರುಕಾದ ನ್ಯೂಕ್ಲಿಯೋಫೈಲ್, ಅಂದರೆ ಎಲೆಕ್ಟ್ರಾನ್ ಜೋಡಿ ಕೊಟ್ಟು ಬಂಧ ಕಟ್ಟುವಂಥದ್ದು. ನೀರು ಕೈಹಾಕುವ ಹೊತ್ತಿಗೆ ಅದು ಅಸಿಟೈಲ್ ಗುಂಪನ್ನು ಕಿತ್ತುಕೊಂಡಾಗಿರುತ್ತದೆ. ಅಲ್ಲೇ ಪಕ್ಕದಲ್ಲಿ ಅಣುತೂಕಗಳ ಒಂದು ಸಣ್ಣ ಲೆಕ್ಕ ಬರೆದಿದ್ದೆ: 109 ಮತ್ತು 102 ಸೇರಿ 211 ಒಳಗೆ ಹೋಗುತ್ತದೆ, 151 ನಮಗೆ ಸಿಗುತ್ತದೆ, ಉಳಿದ 60 ಅಸಿಟಿಕ್ ಆಮ್ಲ. ಅಂದರೆ ಆಟಂ ಎಕಾನಮಿ (ಒಳಗೆ ಹೋದ ತೂಕದಲ್ಲಿ ಬೇಕಾದ ಉತ್ಪನ್ನವಾಗುವ ಪಾಲು) ಸುಮಾರು ಶೇ 72. ಹಸಿರು ರಸಾಯನಶಾಸ್ತ್ರದ ಅಧ್ಯಾಯ ಬಂದಾಗ ಈ ಲೆಕ್ಕ ನೋಟ್‌ಬುಕ್‌ನಲ್ಲಿ ಸಿದ್ಧವಾಗಿತ್ತು.

ನನ್ನ ಪ್ರಕಾರ ಇಡೀ ಡಿಗ್ರಿಯಲ್ಲಿ ಅತಿ ಹೆಚ್ಚು ಕಲಿಸುವ ಕೆಲಸ ಮರುಸ್ಫಟಿಕೀಕರಣ, ಅಂದರೆ ಕಚ್ಚಾ ಮಾಲನ್ನು ಬಿಸಿ ದ್ರಾವಕದಲ್ಲಿ ಕರಗಿಸಿ, ತಣಿಸಿ ಶುದ್ಧ ಹರಳಾಗಿ ಮತ್ತೆ ಪಡೆಯುವುದು. ಹೆಚ್ಚಿನವರು ಅದನ್ನು ಪ್ರ್ಯಾಕ್ಟಿಕಲ್‌ನ ಕೊನೆಯ ಅರ್ಧ ಗಂಟೆಗೆ ತಳ್ಳಿ, ಫ್ಲಾಸ್ಕನ್ನು ನಲ್ಲಿ ಕೆಳಗೆ ಹಿಡಿದು ಗಡಿಬಿಡಿಯಲ್ಲಿ ತಣ್ಣಗೆ ಮಾಡುತ್ತಾರೆ. ಮೊದಲು ಬಣ್ಣದ ವಿಷಯ. 4-ಅಮಿನೋಫೀನಾಲ್ ಗಾಳಿಗೆ ಆಕ್ಸಿಡೀಕರಣಗೊಂಡು ಕಂದಾಗುತ್ತದೆ. ಆ ಕಂದು ನಮ್ಮ ಕಚ್ಚಾ ಉತ್ಪನ್ನಕ್ಕೂ ಅಂಟುತ್ತದೆ. ಬಿಸಿ ದ್ರಾವಣಕ್ಕೆ ಚಿಟಿಕೆ ಸಕ್ರಿಯ ಇದ್ದಿಲು ಹಾಕಿ ಬಿಸಿಯಿದ್ದಾಗಲೇ ಸೋಸಬೇಕು. ಫನಲ್ ತಣ್ಣಗಿದ್ದರೆ ಹರಳು ಅದರ ಕೊಳವೆಯಲ್ಲೇ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಫನಲನ್ನೂ ಬಿಸಿ ಮಾಡಿಕೊಳ್ಳಬೇಕು. ಇದ್ದಿಲು ಜಾಸ್ತಿಯಾದರೆ ಬಣ್ಣದ ಜೊತೆ ಮಾಲನ್ನೂ ಹೀರುತ್ತದೆ.

ಆಮೇಲೆ ಇಳುವರಿ. ಒಂದು ಗ್ರಾಂ ಪ್ಯಾರಾಸಿಟಮಾಲ್ ಕರಗಲು ಕುದಿಯುವ ನೀರಾದರೆ ಸುಮಾರು 20 ಮಿಲಿ ಸಾಕು, ಕೋಣೆಯ ಉಷ್ಣತೆಯ ನೀರಾದರೆ ಸುಮಾರು 70 ಮಿಲಿ ಬೇಕು. 10 ಗ್ರಾಂ ಕಚ್ಚಾ ಮಾಲನ್ನು 200 ಮಿಲಿ ಕುದಿಯುವ ನೀರಿನಲ್ಲಿ ಕರಗಿಸಿ ತಣಿಯಲು ಬಿಟ್ಟಿರಿ ಅನ್ನಿ. 200ನ್ನು 70ರಿಂದ ಭಾಗಿಸಿದರೆ 2.86. ಎಷ್ಟೇ ಜಾಗ್ರತೆ ಮಾಡಿದರೂ ಸುಮಾರು ಮೂರು ಗ್ರಾಂ ಆ ನೀರಿನಲ್ಲೇ ಉಳಿಯುತ್ತದೆ, ಅದನ್ನು ಸಿಂಕಿಗೆ ಚೆಲ್ಲಿ "ಇಳುವರಿ ಯಾಕೋ ಕಡಿಮೆ" ಅನ್ನುತ್ತೇವೆ. ಐಸ್‌ನಲ್ಲಿಟ್ಟರೆ ಈ ನಷ್ಟ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕರಗುವಿಕೆಯ ಗ್ರಾಫನ್ನು ಫಿಸಿಕಲ್ ಪುಸ್ತಕದಲ್ಲಿ ನೋಡಿ ಪುಟ ಮಗುಚಿದವರಿಗೆ ಅದರ ಬೆಲೆ ಗ್ರಾಂ ಲೆಕ್ಕದಲ್ಲಿ ಗೊತ್ತಾಗುವುದು ಇಲ್ಲಿ. ಕೊನೆಗೆ 169–170 ಡಿಗ್ರಿಗೆ ಚೂಪಾಗಿ ಕರಗಿದರೆ ಸರಿ. 160ರ ಆಸುಪಾಸಿನಲ್ಲೇ ಮೆತ್ತಗಾಗುತ್ತ ನಿಧಾನಕ್ಕೆ ಕರಗಿದರೆ ಕಲ್ಮಶ ಇದೆ, ಇಲ್ಲವೇ ಸರಿಯಾಗಿ ಒಣಗಿಲ್ಲ.

ಅನಾಲಿಟಿಕಲ್‌ನಲ್ಲಿ ದ್ರಾವಣ ಹೀರುವ ಬೆಳಕನ್ನು ಅದರ ಸಾಂದ್ರತೆಗೆ ಜೋಡಿಸುವ ಬಿಯರ್-ಲ್ಯಾಂಬರ್ಟ್ ನಿಯಮ ಬಂದಾಗ ಪ್ಯಾರಾಸಿಟಮಾಲ್ ಇನ್ನೊಂದು ಕೀಲಿ ಕೊಟ್ಟಿತು. ತಟಸ್ಥ ದ್ರಾವಣದಲ್ಲಿ ಇದು ನೇರಳಾತೀತ (ಯುವಿ) ಬೆಳಕನ್ನು ಅತಿ ಹೆಚ್ಚು ಹೀರುವ ಶಿಖರ 243 ನ್ಯಾನೋಮೀಟರ್ ಹತ್ತಿರ. 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಅದು 257ಕ್ಕೆ ಸರಿಯುತ್ತದೆ. ಇದರ ಫೀನಾಲ್ ಗುಂಪಿನ ಪಿಕೆಎ (ಪ್ರೋಟಾನನ್ನು ಎಷ್ಟು ಸುಲಭವಾಗಿ ಬಿಡುತ್ತದೆ ಎಂಬ ಅಳತೆ) ಸುಮಾರು 9.5, ಕ್ಷಾರದಲ್ಲಿ ಪ್ರೋಟಾನ್ ಬಿಟ್ಟು ಅದು ಫೀನಾಕ್ಸೈಡ್ ಆಗುತ್ತದೆ, ಆಮ್ಲಜನಕದ ಎಲೆಕ್ಟ್ರಾನ್‌ಗಳು ಉಂಗುರಕ್ಕೆ ಇನ್ನಷ್ಟು ಧಾರಾಳವಾಗಿ ಹರಿಯುತ್ತವೆ, ಶಿಖರ ಸರಿಯುವುದು ಅದಕ್ಕೇ. ಮಾತ್ರೆಯ ಯುವಿ ಪರೀಕ್ಷೆಯನ್ನು ಕ್ಷಾರದಲ್ಲಿ 257ರಲ್ಲಿ ಮಾಡುವಾಗ ಲೆಕ್ಕಕ್ಕೆ ಹಿಡಿಯುವ ವಿಶಿಷ್ಟ ಹೀರಿಕೆ (ಶೇ 1ರ ದ್ರಾವಣ, 1 ಸೆಂಮೀ ದಪ್ಪಕ್ಕೆ) 715. ಮಿಲಿಗೆ 7.5 ಮೈಕ್ರೋಗ್ರಾಂ ಬರುವಂತೆ ದುರ್ಬಲಗೊಳಿಸಿದರೆ ರೀಡಿಂಗ್ 0.536 ಬರಬೇಕು. ಅಷ್ಟೊಂದು ಸಲ ದುರ್ಬಲಗೊಳಿಸುವುದು ಯಾಕೆ ಎಂದು ಗೊಣಗುವವರು ಈ ಸಂಖ್ಯೆ ನೋಡಿದರೆ ಸಾಕು: ಉಪಕರಣವನ್ನು ಹೆಚ್ಚು ನಂಬಬಹುದಾದ ಪಟ್ಟಿಯ ನಡುಮಧ್ಯಕ್ಕೆ ಅದು ಬಂದು ಕೂರುತ್ತದೆ.

ಪಿಕೆಎ, ಯುವಿ, ರೆಸೊನೆನ್ಸ್ (ಎಲೆಕ್ಟ್ರಾನ್ ಉಂಗುರದುದ್ದಕ್ಕೂ ಹರಡುವುದು), ದುರ್ಬಲಗೊಳಿಸುವ ಲೆಕ್ಕ ನಾಲ್ಕೂ ಒಂದೇ ಪುಟದಲ್ಲಿ ಬಂದ ದಿನ ಈ ನೋಟ್‌ಬುಕ್ ಮುಂದುವರಿಸಬೇಕೆಂದು ಗಟ್ಟಿಯಾಯಿತು.

ಕಲ್ಮಶಗಳ ಅಧ್ಯಾಯವನ್ನು ಬಹಳಷ್ಟು ಮಂದಿ ಪಟ್ಟಿಯ ಹಾಗೆ ಓದುತ್ತಾರೆ. ಅದನ್ನು ಮಾಲಿನ ಜಾತಕದ ಹಾಗೆ ಓದಬೇಕು. ಪ್ಯಾರಾಸಿಟಮಾಲ್‌ನಲ್ಲಿ 4-ಅಮಿನೋಫೀನಾಲ್ ಕಂಡರೆ ಅದು ಕ್ರಿಯೆ ಪೂರ್ತಿಯಾಗದೆ ಉಳಿದದ್ದು, ಇಲ್ಲವೇ ತೇವಕ್ಕೆ ಅಮೈಡ್ ಒಡೆದು ಮತ್ತೆ ಹುಟ್ಟಿದ್ದು. ಔಷಧಗಳ ಗುಣಮಟ್ಟದ ಅಧಿಕೃತ ಗ್ರಂಥವಾದ ಫಾರ್ಮಕೋಪಿಯ, ಮಾತ್ರೆ ಮಾಡುವ ಮುಂಚಿನ ಔಷಧದಲ್ಲಿ ಇದಕ್ಕೆ ಕೊಡುವ ಮಿತಿ 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಭಾಗ). ಕ್ಲೋರೋಅಸಿಟನಿಲೈಡ್ ಕಂಡರೆ, ಮಾಲು ಕ್ಲೋರೋನೈಟ್ರೋಬೆಂಜೀನ್ ದಾರಿಯಲ್ಲಿ ಬಂದಿದೆ ಎಂದು ಊಹಿಸಬಹುದು. ನೈಟ್ರೋಬೆಂಜೀನನ್ನು ಹೈಡ್ರೋಜನೀಕರಿಸಿ 4-ಅಮಿನೋಫೀನಾಲ್ ಕೊಡುವ ಬ್ಯಾಂಬರ್ಗರ್ ಮರುಜೋಡಣೆಯ ಮೂಲಕ ಬಂದರೆ ಅನಿಲೀನ್ ಉಪ-ಉತ್ಪನ್ನ. ಫೀನಾಲ್ ನೈಟ್ರೀಕರಣದ ದಾರಿಯಾದರೆ ಆರ್ಥೋ ಮತ್ತು ಪ್ಯಾರಾ ನೈಟ್ರೋಫೀನಾಲ್ ಎರಡೂ ಬರುತ್ತವೆ. ಆರ್ಥೋ ತನ್ನೊಳಗೇ ಹೈಡ್ರೋಜನ್ ಬಂಧ ಕಟ್ಟಿಕೊಂಡಿರುವುದರಿಂದ ಹಬೆಯ ಜೊತೆ ಹಾರಿಹೋಗುತ್ತದೆ, ಪ್ಯಾರಾ ಕೆಳಗೆ ಉಳಿಯುತ್ತದೆ. ಈ ಉದಾಹರಣೆ ಪಿಯುಸಿಯಿಂದಲೂ ಗೊತ್ತಿತ್ತು. ಅದರ ಹಿಂದೆ ಒಂದು ಕಾರ್ಖಾನೆ ನಿಂತಿದೆ ಎಂದು ಮಾತ್ರ ಹೊಳೆದಿರಲಿಲ್ಲ. 2018ರಲ್ಲಿ ರಕ್ತದೊತ್ತಡದ ಔಷಧ ವಾಲ್ಸಾರ್ಟನ್‌ನ ಹಲವು ಬ್ಯಾಚ್‌ಗಳು ಮಾರುಕಟ್ಟೆಯಿಂದ ವಾಪಸ್ ಹೋದದ್ದೂ ದಾರಿಯ ಕಥೆಯೇ. ಡಿಎಂಎಫ್ ದ್ರಾವಕದಿಂದ ಹುಟ್ಟಬಲ್ಲ ಡೈಮೀಥೈಲ್ ಅಮೈನ್‌ಗೆ ನೈಟ್ರೈಟ್ ಜೊತೆಯಾದರೆ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ನೈಟ್ರೋಸಮೈನ್ ಆಗುತ್ತದೆ.

ಇಂಡಸ್ಟ್ರಿಯಲ್ ಪೇಪರ್‌ನಲ್ಲಿ ಫ್ಲೋಶೀಟ್ ಉರುಹೊಡೆಯುವ ಬದಲು, 250 ಮಿಲಿ ಫ್ಲಾಸ್ಕ್‌ನಲ್ಲಿ ಮಾಡಿದ್ದನ್ನೇ 2,500 ಲೀಟರ್ ರಿಯಾಕ್ಟರ್‌ನಲ್ಲಿ ಮಾಡಬೇಕು ಎಂದುಕೊಂಡು ಕೂತೆ. ಗಾತ್ರ 10,000 ಪಟ್ಟು. ಆಕಾರ ಹಾಗೇ ಇದ್ದರೆ ಹೊರಮೈ ಹೆಚ್ಚುವುದು ಸುಮಾರು 464 ಪಟ್ಟು ಮಾತ್ರ. ಶಾಖ ಹುಟ್ಟುವುದು ಗಾತ್ರದಲ್ಲಿ, ಹೊರಹೋಗುವುದು ಹೊರಮೈಯಿಂದ. ಅಂದರೆ ಪ್ರತಿ ಲೀಟರ್‌ಗೆ ಸಿಗುವ ತಣಿಸುವ ಮೈ ಮೊದಲಿದ್ದುದರ ಇಪ್ಪತ್ತೊಂದನೇ ಒಂದು ಪಾಲಿಗಿಂತಲೂ ಕೆಳಗೆ ಇಳಿಯಿತು. ಫ್ಲಾಸ್ಕ್‌ನಲ್ಲಿ ಒಂದೇ ಸಲ ಸುರಿದ ಅನ್‌ಹೈಡ್ರೈಡನ್ನು ಅಲ್ಲಿ ಅಳತೆ ಮಾಡಿ ನಿಧಾನಕ್ಕೆ ಬಿಡುವುದು ಇದಕ್ಕೇ. ಹರಳಿನ ಕಥೆಯೂ ಅದೇ: ತರಾತುರಿಯಲ್ಲಿ ತಣಿಸಿದರೆ ನುಣ್ಣನೆ ಹುಡಿ ಬಿದ್ದು ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಆದ್ದರಿಂದ ಬೀಜದ ಹರಳು ಹಾಕಿ ತಾಳ್ಮೆಯಿಂದ ತಣಿಸುತ್ತಾರೆ.

ಮಾತ್ರೆಯ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಾರುಕಟ್ಟೆಗೆ ಬರುವ ಸಾಮಾನ್ಯ ಹರಳು ರೂಪವಾದ ಫಾರ್ಮ್-1ರೊಳಗೆ ಪದರಗಳು ಒಂದರ ಮೇಲೊಂದು ಜಾರುವುದಿಲ್ಲ, ಒತ್ತಿದರೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಮಾತ್ರೆಯ ತಲೆ ಕಳಚಿ ಬರುತ್ತದೆ. ಪಿವಿಪಿ ಎಂಬ ಪಾಲಿಮರ್ ಅಥವಾ ಪಿಷ್ಟದ ಅಂಟು ಹಾಕಿ ಹರಳುಗಳನ್ನು ಕಾಳುಗಟ್ಟಿಸುವುದು ಇದೇ ಕಾರಣಕ್ಕೆ. ಫಾರ್ಮಕಾಲಜಿಯಲ್ಲಿ ಅಸಿಟನಿಲೈಡ್ ಔಷಧ ದೇಹದಲ್ಲಿ ಪ್ಯಾರಾಸಿಟಮಾಲ್ ಆಗಿಯೇ ಕೆಲಸ ಮಾಡುತ್ತದೆ ಎಂದು ತೋರಿಸಿದ 1948ರ ಬ್ರೋಡಿ–ಆಕ್ಸೆಲ್‌ರಾಡ್ ಕೆಲಸವನ್ನೂ, ಯಕೃತ್ತಿನಲ್ಲಿ ಪ್ಯಾರಾಸಿಟಮಾಲ್‌ನಿಂದ ಹುಟ್ಟುವ ವಿಷವಾದ ಎನ್‌ಎಪಿಕ್ಯೂಐಯನ್ನು ಗ್ಲುಟಾಥಯೋನ್ ಹಿಡಿದು ಹಾಕುವುದನ್ನೂ, ಡೋಸ್ ಮೀರಿದಾಗ ಅಸಿಟೈಲ್‌ಸಿಸ್ಟೀನ್ ಕೊಡುವುದನ್ನೂ ಅದೇ ನೋಟ್‌ಬುಕ್‌ಗೆ ಸೇರಿಸಿದೆ.

ರೆಕಾರ್ಡ್ ಬರೆಯುವ ರೀತಿಯನ್ನು ಮೊದಲ ವರ್ಷದಿಂದಲೇ ಕಾರ್ಖಾನೆಯ ಶಿಸ್ತಿಗೆ ತಂದುಕೊಂಡಿದ್ದೆ. ವೈಟ್‌ನರ್ ಇಲ್ಲ, ಚೀಟಿಯಲ್ಲಿ ಬರೆದು ಆಮೇಲೆ ನಕಲು ಮಾಡುವುದಿಲ್ಲ. ಅಂಕಿ ಬದಲಿಸಬೇಕಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ, ತಾರೀಖು, ಕಾರಣ. ಕಾಲೇಜಿನಲ್ಲಿ ಇದಕ್ಕೆ ಯಾರೂ ಅಂಕ ಕೊಡುವುದಿಲ್ಲ. ಗುಣಮಟ್ಟ ಪರೀಕ್ಷಿಸುವ ಕ್ಯೂಸಿ ಲ್ಯಾಬ್‌ಗೆ ಕಾಲಿಟ್ಟ ಮೇಲೆ ಮೊದಲು ನೋಡುವುದು ಮಾತ್ರ ಅದನ್ನೇ.

ಈ ಪದ್ಧತಿಗೂ ಮಿತಿ ಇದೆ. ಪ್ಯಾರಾಸಿಟಮಾಲ್‌ನಲ್ಲಿ ಕೈರಲ್ ಕೇಂದ್ರ (ಅಣುವಿಗೆ ಕನ್ನಡಿಬಿಂಬದಂಥ ಎರಡು ರೂಪ ಕೊಡುವ ಇಂಗಾಲ) ಇಲ್ಲವೇ ಇಲ್ಲ. ಸ್ಟೀರಿಯೋಕೆಮಿಸ್ಟ್ರಿಗೆ ಐಬುಪ್ರೊಫೆನ್ ತಂದುಕೊಂಡೆ: ಮುಖ್ಯ ಕೆಲಸ ಮಾಡುವುದು ಎಸ್ ರೂಪ, ಆರ್ ರೂಪದ ಒಂದಷ್ಟು ಪಾಲನ್ನು ದೇಹವೇ ಎಸ್ ಮಾಡಿಕೊಳ್ಳುತ್ತದೆ. ಬೂಟ್ಸ್ ಕಂಪನಿಯ ಹಳೆಯ ವಿಧಾನದ ಆರು ಹಂತಗಳು ಬಿಎಚ್‌ಸಿ ಕಂಪನಿಯ ವಿಧಾನದಲ್ಲಿ ಮೂರಕ್ಕೆ ಇಳಿದು, ಆಟಂ ಎಕಾನಮಿ ಶೇ 40ರಿಂದ 77ಕ್ಕೆ ಏರಿದ ಕಥೆಯೂ ಜೊತೆಗೆ ಸಿಕ್ಕಿತು. ಅನಿಲ ಹಂತದ ಸಮತೋಲನ, ಕೆಟಲಿಸ್ಟ್ ಹಾಸುಗಳಿಗೆ ಔಷಧದ ಅಣು ಯಾವುದೂ ಒಗ್ಗುವುದಿಲ್ಲ; ಅದಕ್ಕೆ ಸಲ್ಫ್ಯೂರಿಕ್ ಆಮ್ಲವೇ ಬೇಕು. ಸಲ್ಫರ್ ಡೈಆಕ್ಸೈಡನ್ನು ಸಲ್ಫರ್ ಟ್ರೈಆಕ್ಸೈಡ್ ಮಾಡುವ ವೆನೇಡಿಯಂ ಪೆಂಟಾಕ್ಸೈಡ್ ಹಾಸಿನಿಂದ ಬಿಸಿಯಾಗಿ ಹೊರಬಂದ ಅನಿಲವನ್ನು ಮುಂದಿನ ಹಾಸಿಗೆ ಹೋಗುವ ಮುಂಚೆ ತಣಿಸುವುದು ಯಾಕೆ ಎಂಬುದನ್ನು ಉಷ್ಣತೆ–ಪರಿವರ್ತನೆಯ ಗ್ರಾಫ್‌ನಲ್ಲಿ ನೀವೇ ಮೆಟ್ಟಿಲು ಮೆಟ್ಟಿಲಾಗಿ ಎಳೆದು ನೋಡಿ. ಟ್ರೈಆಕ್ಸೈಡನ್ನು ನೀರಿನ ಬದಲು ಶೇ 98ರ ಆಮ್ಲದಲ್ಲೇ ಹೀರಿಸುವುದೇಕೆ ಎಂದು ವೈವಾದಲ್ಲಿ ಕೇಳಿಯೇ ಕೇಳುತ್ತಾರೆ. ನೀರಿಗೆ ಬಿಟ್ಟರೆ ಏಳುವ ಆಮ್ಲದ ಮಂಜನ್ನು ಮತ್ತೆ ದ್ರವಕ್ಕೆ ಹಿಡಿಯುವುದು ಬಹಳ ಕಷ್ಟ, ಉತ್ತರ ಅಷ್ಟೆ.