ಸಹಿ ಸುಲಭ, ನಾನ್ಸ್ ಕಷ್ಟ

ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಒಂದು ಮೂಲೆ ಸೇರಿತ್ತು. ಬಿ.ಎಚ್. ರಸ್ತೆಯ ರಿಪೇರಿ ಅಂಗಡಿಗೆ ಒಯ್ದು, ವೈಫೈ ಕಾರ್ಡ್ ಬಿಚ್ಚಿಕೊಡಿ ಅಂದೆ. ಅಂಗಡಿಯವರು ನನ್ನ ಮುಖ ನೋಡಿದರು. "ಎಲ್ರೂ ವೈಫೈ ಬರ್ತಿಲ್ಲ ಅಂತ ಬರ್ತಾರೆ ಸಾರ್, ನೀವು ತೆಗೀರಿ ಅಂತೀರಲ್ಲ!"

ನನಗೆ ಬೇಕಿದ್ದದ್ದೇ ಅದು, ನೆಟ್ಟೇ ತಾಗದ ಯಂತ್ರ. ಈಥರ್ ಅಂದರೆ ಎಥೀರಿಯಂ ಅನ್ನುವ ಜಾಲದ ಡಿಜಿಟಲ್ ದುಡ್ಡು. ಅದರ ಖಾತೆಯ ಖಾಸಗಿ ಕೀ ಅಂದರೆ, ಹದಿನಾರು ಅಂಕಿಗಳ ಪದ್ಧತಿಯಾದ ಹೆಕ್ಸ್‌ನಲ್ಲಿ ಬರೆದರೆ 64 ಅಂಕಿಯ ಒಂದು ಸಂಖ್ಯೆ, ಅಷ್ಟೇ. ಅದು ಯಾರ ಕೈಗೆ ಸಿಕ್ಕರೂ ದುಡ್ಡು ಅವರದು. ಬ್ಯಾಂಕಿಗೆ ಫೋನ್ ಮಾಡಿ ತಡೆಯಿರಿ ಅನ್ನುವ ಹಾಗಿಲ್ಲ. ಇನ್ನು ಆ ಕೀ ಬಳಸಿ ಪಾವತಿಗೆ ಸಹಿ ಹಾಕುವುದು ಬರೀ ಲೆಕ್ಕ, ಅದಕ್ಕೆ ನೆಟ್ ಬೇಡ. ಸಹಿಯಾದದ್ದನ್ನು ಜಾಲಕ್ಕೆ ಬಿಡಲು ಮಾತ್ರ ಬೇಕು.

ಬಳಸಿದ್ದು ಪೈಥಾನ್‌ನ ಈಥ್-ಅಕೌಂಟ್ ಲೈಬ್ರರಿ, ಅಂದರೆ ಸಿದ್ಧ ಕೋಡ್. ನೆಟ್ ಇರುವ ಕಡೆ ಪಿಪ್ ಡೌನ್‌ಲೋಡ್ ಕೊಟ್ಟು, ಎಲ್ಲಾ ಪ್ಯಾಕೇಜ್‌ಗಳನ್ನು ಪೆನ್‌ಡ್ರೈವ್‌ಗೆ ತುಂಬಿದೆ. ಹಳೇದರಲ್ಲಿ ಇನ್‌ಸ್ಟಾಲ್ ಆಗಲೇ ಇಲ್ಲ. ಇಲ್ಲಿ ಪೈಥಾನ್ 3.11, ಅಲ್ಲಿ 3.10. ಬಿಟ್‌ಅರೇ ಥರದ ಪ್ಯಾಕೇಜ್‌ಗಳು ಪೈಥಾನ್ ಆವೃತ್ತಿಗೆ ತಕ್ಕ ಹಾಗೆ ಕಂಪೈಲ್ ಆಗಿ ಬರುತ್ತವೆ. ಎರಡೂ ಕಡೆ ಒಂದೇ ಆವೃತ್ತಿ ಹಾಕಿದೆ, ಸರಿಹೋಯಿತು.

ಸಹಿಯ ಕೋಡ್ ಒಂದೇ ಸಾಲು. ಅದಕ್ಕೆ ಏನು ತುಂಬಬೇಕು ಅನ್ನುವುದೇ ತಲೆನೋವು. ಫೋನಿನ ವಾಲೆಟ್ ಆದರೆ ಜಾಲವನ್ನು ಕೇಳಿ ತಾನೇ ತುಂಬಿಕೊಳ್ಳುತ್ತದೆ. ಇದು ಯಾರನ್ನು ಕೇಳಬೇಕು? ನಾನೇ ಚೀಟಿಯಲ್ಲಿ ಬರೆದು ತರಬೇಕು. ಯಾರಿಗೆ, ಎಷ್ಟು, ಗ್ಯಾಸ್ (ಜಾಲ ಮಾಡುವ ಕೆಲಸದ ಅಳತೆ) 21000, ಶುಲ್ಕದ ಮಿತಿ, ಚೈನ್ ಐಡಿ (ಯಾವ ಜಾಲ ಅನ್ನುವ ಸಂಖ್ಯೆ), ನಾನ್ಸ್ (ವ್ಯವಹಾರದ ಕ್ರಮಸಂಖ್ಯೆ). ಮೊತ್ತವನ್ನು ಈಥರ್‌ನ ಅತಿ ಚಿಕ್ಕ ಪಾಲಾದ ವೇಯಲ್ಲಿ ಬರೆಯಬೇಕು. ಒಂದು ಈಥರ್ ಅಂದರೆ 1ರ ಮುಂದೆ 18 ಸೊನ್ನೆ. ಎಣಿಸಿ ಎಣಿಸಿ ಕಣ್ಣು ನೋವು ಬಂತು.

ಅಷ್ಟು ಹುಷಾರಾಗಿದ್ದರೂ ಎಡವಿದ್ದು ನಾನ್ಸ್‌ನಲ್ಲಿ. ಅದು ಖಾತೆಯಿಂದ ಹೋಗುವ ವ್ಯವಹಾರಗಳ ಕ್ರಮಸಂಖ್ಯೆ, ಎಣಿಕೆ ಸೊನ್ನೆಯಿಂದ ಶುರು. ಮೂರು ಹೋಗಿದ್ದವು, ಇದು ನಾಲ್ಕನೆಯದು ಅಂತ 4 ಬರೆದೆ. 3 ಬರೆಯಬೇಕಿತ್ತು. ಲೈಬ್ರರಿ ಸುಮ್ನೆ ಸಹಿ ಹಾಕಿತು. ಪಾಪ, ಅದಕ್ಕೇನು ಗೊತ್ತು? ಬಂದ ಉದ್ದನೆ ಸಾಲನ್ನು ಕ್ಯೂಆರ್ ಕೋಡ್ ಮಾಡಿ, ಫೋನಿನಲ್ಲಿ ಓದಿಸಿ ಜಾಲಕ್ಕೆ ಬಿಟ್ಟೆ. ತಟ್ಟೆ ಇಡ್ಲಿ ತಿಂದು ಬಂದು ನೋಡಿದರೂ ದುಡ್ಡು ಕದಲಿರಲಿಲ್ಲ. ಆಗ ತಪ್ಪು ಹೊಳೆಯಿತು. 3 ಹಾಕಿ, ಅದೇ ಮೊತ್ತಕ್ಕೆ ಮತ್ತೆ ಸಹಿ ಮಾಡಿ ಬಿಟ್ಟೆ. ಎರಡೂ ಹೋದವು! 4 ಸತ್ತಿರಲಿಲ್ಲ, 3 ಬರಲಿ ಅಂತ ಸಾಲಿನಲ್ಲಿ ಕಾಯುತ್ತಿತ್ತು. ಒಬ್ಬರಿಗೇ ಎರಡು ಸಲ ದುಡ್ಡು.

ಪುಣ್ಯಕ್ಕೆ ಅದು ಸೆಪೋಲಿಯಾ ಅನ್ನುವ ಪರೀಕ್ಷಾ ಜಾಲ, ಚೈನ್ ಐಡಿ 11155111. ಐಡಿ ಸಹಿಯೊಳಗೇ ಸೇರಿರುವುದರಿಂದ ಸಹಿಯಾದ ಆ ಉದ್ದನೆ ಸಾಲನ್ನು ಐಡಿ 1ರ ಅಸಲಿ ಜಾಲದಲ್ಲಿ ಯಾರೂ ಓಡಿಸಲಾಗದು. ಆಮೇಲೆ ಯೋಚಿಸಿದರೆ ದಾರಿ ಸಲೀಸಾಗಿತ್ತು. 3ರಲ್ಲಿ ನನ್ನದೇ ವಿಳಾಸಕ್ಕೆ ಸೊನ್ನೆ ಈಥರ್ ಕಳಿಸಿದ್ದರೆ ಸಾಕಿತ್ತು, 4 ಹಿಂದೆಯೇ ಹೋಗುತ್ತಿತ್ತು. ಶುಲ್ಕ ಮಾತ್ರ ದಂಡ.

ಈಗ ನನ್ನ ಸ್ಕ್ರಿಪ್ಟ್ ಹಿಂದಿನ ನಾನ್ಸ್ ಅನ್ನು ಒಂದು ಫೈಲಿನಲ್ಲಿ ಇಟ್ಟುಕೊಳ್ಳುತ್ತದೆ. ಚೀಟಿಯಲ್ಲಿರುವುದು ಅದಕ್ಕಿಂತ ಸರಿಯಾಗಿ ಒಂದು ಜಾಸ್ತಿ ಇಲ್ಲದಿದ್ದರೆ ಸಹಿಯನ್ನೇ ಹಾಕುವುದಿಲ್ಲ.