ಅಂಕಣ ಬರೀಬೇಕಾ? ಮೊದಲು ಅಡುಗೆಮನೆಗೆ ಹೋಗಿ

ಪತ್ರಿಕೆಗೆ ಅಂಕಣ ಬರೀಬೇಕು, ಹೇಗೆ ಶುರು ಮಾಡಲಿ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಕಳಿಸಿದ ಮೊದಲ ಬರಹ ತೆಗೆದು ನೋಡಿದರೆ ತಲೆಬರಹ 'ಎತ್ತ ಸಾಗುತ್ತಿದೆ ರಾಜಕಾರಣ?' ಎತ್ತ ಸಾಗುತ್ತಿದೆ ಅಂತ ಓದುವವರಿಗೂ ಗೊತ್ತು ಸ್ವಾಮಿ, ಮುಖಪುಟ ಓದಿಯೇ ಅವರು ಒಳಪುಟಕ್ಕೆ ಬಂದಿರೋದು.

ವಿಷಯ ಮನೆಯಲ್ಲೇ ಇರುತ್ತದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ವಾ, ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಅಂತ, ಆಗ ಎಲ್ಲರೂ ಬರೆದಿದ್ದು ಬಿಟ್ಟಿ ಕೊಡೋದು ಸರಿಯೋ ತಪ್ಪೋ ಅಂತಲೇ. ನಾನೂ ಅದನ್ನೇ ಬರೆಯಲು ಕೂತೆ. ನಾಲ್ಕು ಸಾಲಿಗೆ ಕೈ ನಿಂತುಹೋಯಿತು. ಎದ್ದು ಕಾಫಿ ಮಾಡೋಣ ಅಂತ ಹೋದರೆ ಸಕ್ಕರೆ ಡಬ್ಬಿ ಪಕ್ಕದ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಮಡಚಿಟ್ಟ ಬಸ್ ಟಿಕೆಟ್‌ಗಳು. ಎಲ್ಲಾ ಸೊನ್ನೆ ರೂಪಾಯಿಯವು. ಇದ್ಯಾಕಮ್ಮ ಅಂದರೆ, 'ಇರ್ಲಿ ಬಿಡೋ, ಯಾರನ್ನೂ ಕೇಳದೆ ಹೋಗಿಬಂದಿದ್ದು' ಅಂದಳು. ಧರ್ಮಸ್ಥಳಕ್ಕೆ ಹೋಗಲು ಅಷ್ಟು ವರ್ಷ ಅವಳು ನನ್ನ ಜೇಬು ಕಾಯುತ್ತಿದ್ದಳು ಅಂತ ನನಗೆ ಹೊಳೆದಿದ್ದು ಆಗಲೇ. ಅಂಕಣ ಸಿಕ್ಕಿತು.

ಆದರೆ ಅಮ್ಮನ ಖುಷಿ ಒಂದನ್ನೇ ಇಟ್ಟುಕೊಂಡು ವಾದ ಮಾಡೋಕಾಗಲ್ಲ. ಆ ಸೊನ್ನೆ ಟಿಕೆಟ್ಟಿನ ದುಡ್ಡನ್ನು ಸಾರಿಗೆ ನಿಗಮಕ್ಕೆ ಸರ್ಕಾರ ತುಂಬಿಕೊಡಬೇಕು. ದುಡ್ಡು ಕೊಟ್ಟು ಪಾಸ್ ಮಾಡಿಸಿದ ನಮ್ಮ ಭಾವ ಅದೇ ಬಸ್ಸಲ್ಲಿ ನಿಂತುಕೊಂಡು ಆಫೀಸಿಗೆ ಹೋಗುತ್ತಾರೆ. ಇದೂ ಬರಬೇಕು. ಐಷಾರಾಮಿ ಬಸ್ಸಿಗೆ ಈ ಯೋಜನೆ ಇಲ್ಲ ಅನ್ನೋ ಥರದ ಸಣ್ಣ ವಿವರಗಳನ್ನೂ ನೋಡಿಕೊಳ್ಳಿ, ಯಾಕೆಂದರೆ ಅಲ್ಲೊಂದು ತಪ್ಪು ಸಿಕ್ಕಿದರೆ ಉಳಿದದ್ದನ್ನು ಯಾರೂ ನಂಬಲ್ಲ. ಇಷ್ಟೆಲ್ಲಾ ಹೇಳಿದ ಮೇಲೆ ನೀವು ಯಾವ ಕಡೆ ಅಂತ ಹೇಳಿಬಿಡಿ. ನಾನು ಅಮ್ಮನ ಕಡೆ ಅಂತ ಬರೆದೆ, ಭಾವ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. 'ಕಾಲವೇ ಉತ್ತರಿಸಲಿದೆ' ಅಂತ ಮುಗಿಸೋದಾದರೆ ದಯವಿಟ್ಟು ಬರೆಯಲೇಬೇಡಿ.

ಇನ್ನು ಮನೆಯವರ ವಿಷಯ. ಒಮ್ಮೆ ನೆಂಟರ ಮದುವೆ ಊಟದಲ್ಲಿ ಎಷ್ಟು ಎಲೆಯಲ್ಲಿ ಬಡಿಸಿದ್ದು ಹಾಗೇ ಉಳಿಯಿತು ಅಂತ ಬರೆದೆ. ಹೆಸರು ಹಾಕಿರಲಿಲ್ಲ. ಹಾಕದಿದ್ದರೇನು, ಎರಡು ಥರ ಹೋಳಿಗೆ ಮಾಡಿಸಿದ್ದು ಆ ವರ್ಷ ನಮ್ಮ ಕಡೆ ಒಂದೇ ಮದುವೆಯಲ್ಲಿ! ಚಿಕ್ಕಮ್ಮ ಆರು ತಿಂಗಳು ನಮ್ಮನೆ ಕಡೆ ತಲೆ ಹಾಕಲಿಲ್ಲ. ತಪ್ಪು ನನ್ನದೇ. ಈಗ ಯಾರ ಬಗ್ಗೆ ಬರೆದರೂ ಕಳಿಸೋ ಮುಂಚೆ ಅವರಿಗೇ ಓದಿ ಹೇಳುತ್ತೇನೆ, ಬೇಡ ಅಂದರೆ ತೆಗೆಯುತ್ತೇನೆ. ಮಕ್ಕಳ ಮಾರ್ಕ್ಸು, ಹೆಂಡತಿ ಜೊತೆಗಿನ ಜಗಳ ಇವನ್ನು ಮುಟ್ಟೋದೇ ಇಲ್ಲ. ನಗಿಸಬೇಕಾ, ನಿಮ್ಮನ್ನೇ ಗೇಲಿ ಮಾಡಿಕೊಳ್ಳಿ.

ಪತ್ರಿಕೆಯ ಡೆಸ್ಕ್‌ನವರು, ಅಂದರೆ ಬರಹ ತಿದ್ದಿ ಪುಟಕ್ಕೆ ಹಾಕುವವರು, ಹೇಳಿದ ಪದಮಿತಿ ಮೀರಬೇಡಿ. ಜಾಗ ಸಾಲದಿದ್ದರೆ ಸಾಮಾನ್ಯವಾಗಿ ಕತ್ತರಿ ಬೀಳೋದು ಕೊನೇ ಪ್ಯಾರಾಕ್ಕೆ, ಮುಖ್ಯವಾದದ್ದನ್ನು ಅಲ್ಲಿ ಬಚ್ಚಿಟ್ಟರೆ ಹೋಯಿತು ಅಂತಲೇ ಲೆಕ್ಕ. ಟೈಪ್ ಮಾಡಿದ್ದು 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಬೇಕೋ ಯೂನಿಕೋಡ್‌ನಲ್ಲಿ ಬೇಕೋ ಅಂತಲೂ ಮೊದಲೇ ಕೇಳಿಬಿಡಿ.

ನಾಳೆ ಬಜ್ಜಿ ಕಟ್ಟೋ ಕಾಗದಕ್ಕೆ ಇಷ್ಟೆಲ್ಲಾ ಯಾಕೆ ಅನ್ನುವವರಿಗೆ ನಾನು ಹೇಳೋದು ಹಾ.ಮಾ. ನಾಯಕರ ಹೆಸರು. 1989ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅವರಿಗೆ ಬಂದಿದ್ದು ಅಂಕಣ ಬರಹಗಳಿಗೇ. ನನಗಿನ್ನೂ ಅಮ್ಮನ ಪ್ರಶಸ್ತಿಯೇ ಸಿಕ್ಕಿಲ್ಲ. ಆ ಟಿಕೆಟ್ಟಿನ ಅಂಕಣ ಅಚ್ಚಾದ ದಿನ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, 'ಹನ್ನೆರಡಲ್ಲ ಕಣೋ, ಹದಿನಾಲ್ಕು ಟಿಕೆಟ್ಟು' ಅಂದಳು.